ಶಾಲಾ ವಸ್ತುಪ್ರದರ್ಶನಕ್ಕೆ ಮರದ ದೀಪಸ್ತಂಭದ ಮಾದರಿ ಮಾಡುವ ಕ್ರಮ

ಕಡಲಿಲ್ಲದ ಕೊಡಗಿನಲ್ಲಿ ಬೆಳೆಯುವ ಮಕ್ಕಳಿಗೆ ದೀಪಸ್ತಂಭದ ಕೆಲಸ ಮನದಟ್ಟಾಗಬೇಕಾದರೆ ಅವರೇ ಒಂದನ್ನು ಕಟ್ಟಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದಕ್ಕೆ ಅಮೆರಿಕದ ನಾಂಟಕೆಟ್ ದ್ವೀಪದ ಬಂದರಿನ ಬಾಯಲ್ಲಿರುವ ಬ್ರ್ಯಾಂಟ್ ಪಾಯಿಂಟ್ ದೀಪಸ್ತಂಭ ಬಹಳ ಸೂಕ್ತವಾದುದು. ಅಲ್ಲಿ 1746ರಲ್ಲಿ ಮೊದಲ ದೀಪ ನಿಂತಿತು. ಬೆಂಕಿಗೂ ಬಿರುಗಾಳಿಗೂ ಒಂದರ ಹಿಂದೊಂದು ಬಲಿಯಾದರೂ ಊರವರು ಮತ್ತೆ ಮತ್ತೆ ಕಟ್ಟಿದರು. ಈಗಿನ ಮರದ ಗೋಪುರ 1901ರದು, ಎತ್ತರ ಕೇವಲ 26 ಅಡಿ. ದೂರದ ಕಡಲಿಗಲ್ಲ, ಒಳಬರುವ ದೋಣಿಗಳಿಗೆ ಬಂದರಿನ ಬಾಯಿ ತೋರಿಸಿದರೆ ಸಾಕಾದ್ದರಿಂದ ಅಷ್ಟು ಗಿಡ್ಡವಾದರೂ ನಡೆಯುತ್ತದೆ.

ಇಪ್ಪತ್ತರಲ್ಲಿ ಒಂದರ ಅಳತೆ ಹಿಡಿದರೆ ಮಾದರಿ ಸುಮಾರು 40 ಸೆಂಟಿಮೀಟರ್ ಆಗುತ್ತದೆ. ಅಗಲವನ್ನು ಛಾಯಾಚಿತ್ರದ ಮೇಲೆ ಸ್ಕೇಲ್ ಇಟ್ಟು, ಎತ್ತರಕ್ಕೆ ಹೋಲಿಸಿ ತೆಗೆಯಿರಿ. ತೋಟದ ಸಿಲ್ವರ್ ಓಕ್ ಮರದ ತುಂಡುಗಳು ಸಾಮಿಲ್ಲಿನಲ್ಲಿ ಸುಲಭವಾಗಿ ದೊರೆಯುತ್ತವೆ. ಆದರೆ ನಮ್ಮ ಮಳೆಗಾಲದಲ್ಲಿ ಮರ ತೇವ ಹೀರಿ ಉಬ್ಬುತ್ತದೆ, ಒಣಗಿದ ಮೇಲೆ ಕುಗ್ಗಿ ಬಿರುಕು ಬಿಡುತ್ತದೆ. ಆದ್ದರಿಂದ ಕೆಲಸವನ್ನು ಬೇಸಿಗೆಗೆ ಇಟ್ಟುಕೊಂಡು, ತುಂಡುಗಳನ್ನು ಕೆಲವು ವಾರ ನೆರಳಿನಲ್ಲಿ ಒಣಗಿಸುವುದು ಒಳ್ಳೆಯದು. ಪ್ಲೈವುಡ್ಡಿನ ದುಂಡು ಬಿಲ್ಲೆಗಳನ್ನು ನಡುಗೋಲಿಗೆ ಪೋಣಿಸಿ, ಅವುಗಳ ಸುತ್ತ 5 ಮಿಲಿಮೀಟರ್ ಅಗಲದ ಪಟ್ಟಿಗಳನ್ನು ಫೆವಿಕಾಲ್ ಹಾಕಿ ಒತ್ತೊತ್ತಾಗಿ ನಿಲ್ಲಿಸಿ. ಗೋಪುರಕ್ಕೆ ಬಿಳಿ ಬಣ್ಣ, ಮೇಲಿನ ದೀಪದ ಕೋಣೆಗೆ ಕಪ್ಪು ಬಣ್ಣ ಹಚ್ಚಬೇಕು.

ದೀಪಕ್ಕೆ ಹೆಚ್ಚು ಗಮನ ಕೊಡಿ, ಏಕೆಂದರೆ ನಾವಿಕನು ಗುರುತಿಸುವುದು ಅದರ ಲಯವನ್ನೇ. ಬ್ರ್ಯಾಂಟ್ ಪಾಯಿಂಟಿನ ಕೆಂಪು ದೀಪ 4 ಸೆಕೆಂಡಿಗೊಮ್ಮೆ ಮರೆಯಾಗುತ್ತದೆ; ಉರಿಯುವ ಹೊತ್ತು ಹೆಚ್ಚು, ಆರುವ ಹೊತ್ತು ಕಡಿಮೆ. 555 ಟೈಮರ್ ಚಿಪ್ಪಿನ ಸರಳ ಸರ್ಕ್ಯೂಟ್ ಇದಕ್ಕೆ ಹೇಳಿ ಮಾಡಿಸಿದಂತಿದೆ. 4 ಮತ್ತು 8ನೆಯ ಕಾಲುಗಳನ್ನು 9 ವೋಲ್ಟ್ ಬ್ಯಾಟರಿಯ ಧನ ತುದಿಗೂ, 1ನೆಯದನ್ನು ಋಣ ತುದಿಗೂ ಜೋಡಿಸಿ. ಧನ ತುದಿಗೂ 7ನೆಯ ಕಾಲಿಗೂ ನಡುವೆ 27 ಕಿಲೋಓಮ್, 7ಕ್ಕೂ 6ಕ್ಕೂ ನಡುವೆ 15 ಕಿಲೋಓಮ್ ರೆಸಿಸ್ಟರ್ ಇರಲಿ. 2 ಮತ್ತು 6ನ್ನು ಒಂದುಗೂಡಿಸಿ, ಅಲ್ಲಿಂದ ಋಣಕ್ಕೆ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ಅದರ ಋಣ ಕಾಲು ಬ್ಯಾಟರಿಯ ಋಣದ ಕಡೆಗೇ ಬರಬೇಕು. 3ನೆಯ ಕಾಲಿನಿಂದ 330 ಓಮ್ ಮೂಲಕ ಕೆಂಪು ಎಲ್‌ಇಡಿಯನ್ನು ಋಣಕ್ಕೆ ಸೇರಿಸಿದರೆ, ಸುಮಾರು 3 ಸೆಕೆಂಡು ಉರಿದು 1 ಸೆಕೆಂಡು ಆರುತ್ತದೆ.

ಹಲಗೆಯ ಮೇಲೆ ತೊರೆಯ ಸಣ್ಣ ಕಲ್ಲುಗಳನ್ನು ಅಂಟಿಸಿ ಬುಡದ ಕಲ್ಲುರಾಶಿ ಮಾಡಿ, ದಡದಿಂದ ಗೋಪುರದ ಬಾಗಿಲಿಗೆ ಮರದ ಕಾಲುಸೇತುವೆ ಎಳೆಯಿರಿ. ಬ್ಯಾಟರಿ ಬದಲಿಸಲು ಬರುವಂತೆ ಹಲಗೆಯ ಅಡಿಯಲ್ಲಿ ಸಣ್ಣ ಮುಚ್ಚಳ ಬಿಟ್ಟಿರಬೇಕು.