ದೂರದ ಡೆಸ್ಕಿಗೆ ಒಂದು ನಗರ ಯಾವಾಗ ನೆನಪಾಗುತ್ತದೆ? ನೀವೇ ಕುಳಿತು ಲೆಕ್ಕ ಹಾಕುವ ಬಗೆ

ರಾಷ್ಟ್ರೀಯ ಪತ್ರಿಕೆ, ಚಾನೆಲ್ಲುಗಳು ಒಂದು ನಗರವನ್ನು ಹೇಗೆ ತೋರಿಸುತ್ತಿವೆ ಅಂತ ನೋಡಲು ಕೂತವರು ಮೊದಲು ಕೇಳುವ ಪ್ರಶ್ನೆ "ಇದು ನಿಜಾನಾ, ಸುಳ್ಳಾ?" ಅಂತ. ಬೇಕಾದ ಪ್ರಶ್ನೆಯೇ. ಆದರೆ ಅಲ್ಲಿಂದ ಶುರು ಮಾಡಿದರೆ ಜಾಸ್ತಿ ದೂರ ಹೋಗಲು ಆಗುವುದಿಲ್ಲ, ಯಾಕೆಂದರೆ ಬಂದ ಸುದ್ದಿಗಳಲ್ಲಿ ಬಹುಪಾಲು ನಿಜವೇ ಆಗಿರುತ್ತವೆ. ರಸ್ತೆಯಲ್ಲಿ ನೀರು ನಿಂತದ್ದು ನಿಜ, ಸೇತುವೆ ಬಿದ್ದದ್ದು ನಿಜ, ಕೊಲೆಯಾದದ್ದೂ ನಿಜ. ಆದರೂ ಎಲ್ಲ ಸೇರಿ ಮೂಡುವ ಚಿತ್ರ ನೋಡಿದರೆ ಅಲ್ಲಿ ಬದುಕುವವರಿಗೇ ತಮ್ಮ ನಗರದ ಗುರುತು ಸಿಗುವುದಿಲ್ಲ. ಹಾಗಾಗಿ ಬೇರೆ ಪ್ರಶ್ನೆ ಇಟ್ಟುಕೊಳ್ಳಿ: ದೂರದಲ್ಲಿ ಕೂತ ಡೆಸ್ಕಿಗೆ, ಅಂದರೆ ಸುದ್ದಿ ಆರಿಸಿ ತಿದ್ದುವ ಸಂಪಾದಕೀಯ ವಿಭಾಗಕ್ಕೆ, ಈ ನಗರ ಯಾವಾಗ ನೆನಪಾಗುತ್ತದೆ, ಯಾವಾಗ ನೆನಪಾಗುವುದೇ ಇಲ್ಲ?

ಇದಕ್ಕೆ ಉತ್ತರ ಸಿಗುವುದು ಲೆಕ್ಕದಿಂದ. ಸಿಟ್ಟಿನಿಂದ ಸಿಗುವುದಿಲ್ಲ.

ಮೊದಲು ಸುದ್ದಿ ಕೂಡಿಸಿ

ಎರಡು ಮೂರು ರಾಷ್ಟ್ರೀಯ ಮಾಧ್ಯಮ, ಅದೇ ನಗರದ ಒಂದು ಸ್ಥಳೀಯ ಪತ್ರಿಕೆ, ಒಂದು ಪೂರ್ತಿ ವರ್ಷ. ಇಷ್ಟು ಸಾಕು. ನಗರದ ಹೆಸರು ಹಾಕಿ ಹುಡುಕಿ, ಬಂದದ್ದನ್ನೆಲ್ಲ ತೆಗೆದುಕೊಳ್ಳಿ. ತುಂಬಾ ಜಾಸ್ತಿ ಇದ್ದರೆ ಪ್ರತಿ ಹತ್ತನೆಯದನ್ನು ತೆಗೆದುಕೊಳ್ಳಿ. ನೆನಪಲ್ಲಿ ಉಳಿದ ಸುದ್ದಿಗಳನ್ನು ಮಾತ್ರ ಆರಿಸಬೇಡಿ. ನಮಗೆ ನೆನಪಿರುವುದು ನಮ್ಮನ್ನು ಕೆರಳಿಸಿದ ಸುದ್ದಿ ಮಾತ್ರ, ಅಲ್ವಾ? ಪಂದ್ಯದ ಸ್ಕೋರು, ಹವಾಮಾನದ ಪಟ್ಟಿ ಇಂಥದ್ದನ್ನು ಬಿಡುವುದಾದರೆ ಆ ನಿಯಮವನ್ನು ಶುರುವಿನಲ್ಲೇ ಬರೆದಿಡಿ. ನಡುವೆ ನಿಯಮ ಬದಲಾಯಿಸಿದರೆ ನಿಮಗೆ ಬೇಕಾದ ಉತ್ತರವೇ ಬರುತ್ತದೆ.

ಒಂದು ಸ್ಪ್ರೆಡ್‌ಶೀಟ್ ತೆರೆದು ಪ್ರತಿ ಸುದ್ದಿಗೂ ಇಷ್ಟು ತುಂಬಿಸಿ: ದಿನಾಂಕ, ಯಾವ ಘಟನೆಯಿಂದ ಸುದ್ದಿ ಹುಟ್ಟಿತು, ವರದಿಗಾರ ಎಲ್ಲಿಂದ ಬರೆದಿದ್ದಾನೆ, ಯಾರು ಮಾತಾಡಿದ್ದಾರೆ, ಯಾವ ಫೋಟೊ ಇದೆ, ಯಾವ ಸಂಖ್ಯೆ ಕೊಟ್ಟಿದ್ದಾರೆ. ಒಂದು ಮೂವತ್ತು ಸುದ್ದಿಗಳನ್ನು ಇನ್ನೊಬ್ಬರ ಕೈಗೆ ಕೊಟ್ಟು ಅವರಿಗೂ ತುಂಬಿಸಲು ಹೇಳಿ, ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನೀವು "ಅಪರಾಧ" ಅಂತ ಬರೆದ ಕಡೆ ಅವರು "ರಾಜಕೀಯ" ಅಂತ ಬರೆದಿದ್ದರೆ ನಿಮ್ಮ ಕಾಲಂಗಳು ಇನ್ನೂ ಸರಿಯಾಗಿಲ್ಲ ಅಂತ ಅರ್ಥ. ಬೇಜಾರಿನ ಕೆಲಸ ಹೌದು. ಆದರೆ ಇದನ್ನು ಬಿಟ್ಟರೆ ಉಳಿದದ್ದೆಲ್ಲ ಬರೀ ಅನಿಸಿಕೆ.

ಏನು ಹುಡುಕಬೇಕು ಅನ್ನುವುದಕ್ಕೆ ಹಳೆಯ ಅಧ್ಯಯನವೊಂದು ಈಗಲೂ ಕೆಲಸಕ್ಕೆ ಬರುತ್ತದೆ. 1965ರಲ್ಲಿ ಯೊಹಾನ್ ಗಾಲ್ಟುಂಗ್ ಮತ್ತು ಮಾರಿ ರೂಗೆ ಎಂಬಿಬ್ಬರು ಕಾಂಗೊ, ಕ್ಯೂಬಾ, ಸೈಪ್ರಸ್ ಬಿಕ್ಕಟ್ಟುಗಳ ಬಗ್ಗೆ ನಾರ್ವೆಯ ಪತ್ರಿಕೆಗಳು ಬರೆದದ್ದನ್ನು ಪರಿಶೀಲಿಸಿ, ದೂರದ ಘಟನೆಯೊಂದು ಸುದ್ದಿಯಾಗಲು ಏನೇನು ಬೇಕು ಅಂತ ಪಟ್ಟಿ ಮಾಡಿದರು. ಥಟ್ಟನೆ ಆಗಿರಬೇಕು, ಕೆಟ್ಟದ್ದಾಗಿರಬೇಕು, ಇವೆಲ್ಲ ಯಾರಿಗಾದರೂ ಹೊಳೆಯುವಂಥವು. ನನಗೆ ಅದರಲ್ಲಿ ಮುಖ್ಯ ಅನಿಸುವುದು ಇನ್ನೊಂದು: ಘಟನೆ ಮೊದಲೇ ಇರುವ ನಿರೀಕ್ಷೆಗೆ ಹೊಂದಬೇಕು. ಅಪರಾಧದ ಊರು ಅಂತ ಹೆಸರಾದ ಕಡೆ ಆದ ಕೊಲೆ ಮುಖಪುಟಕ್ಕೆ ಬರುತ್ತದೆ. ಅಂಥದ್ದೇ ಕೊಲೆ ಶಾಂತ ಊರು ಅನಿಸಿಕೊಂಡ ಕಡೆ ಆದರೆ ಒಳಪುಟದಲ್ಲಿ ನಾಲ್ಕು ಸಾಲು.

ಹೆಡ್‌ಲೈನನ್ನು ಸುದ್ದಿಯಿಂದ ಬೇರೆ ಮಾಡಿ ಓದಿ

ಹೆಡ್‌ಲೈನ್ ಬರೆಯುವುದು ಸಾಮಾನ್ಯವಾಗಿ ವರದಿಗಾರನಲ್ಲ, ಡೆಸ್ಕಿನಲ್ಲಿ ಕೂತ ಉಪಸಂಪಾದಕರು. ಅದಕ್ಕೇ ಒಂದು ಕಾಲಂ ಬೇರೆ ಇಡಿ. 1975ರಲ್ಲಿ ನ್ಯೂಯಾರ್ಕ್ ನಗರ ದಿವಾಳಿ ಅಂಚಿನಲ್ಲಿದ್ದಾಗ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಭಾಷಣ ಮಾಡಿ ಕೇಂದ್ರದ ನೆರವು ಕೊಡುವುದಿಲ್ಲ ಅಂದರು. ಮರುದಿನ, ಅಕ್ಟೋಬರ್ 30ರಂದು, ಡೈಲಿ ನ್ಯೂಸ್ ಪತ್ರಿಕೆ "ನಗರಕ್ಕೆ ಫೋರ್ಡ್ ಮಾತು: ಸತ್ತುಹೋಗು" ಎನ್ನುವ ಅರ್ಥದ ಹೆಡ್‌ಲೈನ್ ಹಾಕಿತು. ಆ ಮಾತು ಭಾಷಣದಲ್ಲಿ ಇರಲೇ ಇಲ್ಲ. ಅದೇ ವರ್ಷದ ಕೊನೆಗೆ ಫೋರ್ಡ್ ನಗರಕ್ಕೆ ಸಾಲ ಕೊಡುವ ಕಾಯ್ದೆಗೆ ಸಹಿಯನ್ನೂ ಹಾಕಿದರು. ಜನರ ನೆನಪಲ್ಲಿ ಉಳಿದದ್ದು ಹೆಡ್‌ಲೈನ್ ಮಾತ್ರ. ಇದು ಹೊರಗಿನವರ ಕೆಲಸವೂ ಅಲ್ಲ, ನ್ಯೂಯಾರ್ಕಿನದೇ ಪತ್ರಿಕೆ ಅದು.

ಯಾರು ಮಾತಾಡಿದ್ದಾರೆ, ಎಲ್ಲಿಂದ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿ, ಯಾಕೆಂದರೆ ಚಿತ್ರ ಹಾಳಾಗುವುದು ಹೆಚ್ಚಾಗಿ ಇಲ್ಲೇ. ದೊಡ್ಡ ಘಟನೆ ಆದಾಗ ಬೇರೆ ಊರಿನಿಂದ ತಂಡ ಬಂದಿಳಿಯುತ್ತದೆ, ಎರಡು ಮೂರು ದಿನ ಇರುತ್ತದೆ, ಹೋಗುತ್ತದೆ. ಅವರಿಗೆ ಫೋನ್ ನಂಬರ್ ಇರುವುದು ಅಧಿಕಾರಿಗಳದ್ದು, ಪಕ್ಷದ ವಕ್ತಾರರದ್ದು. ಉಳಿದಂತೆ ದಾರಿಯಲ್ಲಿ ಸಿಕ್ಕವರ ಬೈಟ್, ಅಂದರೆ ಕ್ಯಾಮೆರಾ ಮುಂದೆ ಆಡಿದ ಎರಡು ಮಾತು.

2005ರ ಆಗಸ್ಟ್ 29ರಂದು ಕತ್ರೀನಾ ಚಂಡಮಾರುತ ಅಮೆರಿಕದ ನ್ಯೂ ಆರ್ಲಿಯನ್ಸ್‌ಗೆ ಬಡಿದಾಗ ಆದದ್ದನ್ನು ನೋಡಿ. ಸೂಪರ್‌ಡೋಮ್ ಕ್ರೀಡಾಂಗಣದಲ್ಲಿ ಸಾವಿರಾರು ಜನ ಆಶ್ರಯ ಪಡೆದಿದ್ದರು. ಒಳಗೆ ಕೊಲೆಗಳಾಗುತ್ತಿವೆ, ಮಕ್ಕಳ ಮೇಲೆ ಅತ್ಯಾಚಾರ ಆಗುತ್ತಿದೆ ಅಂತ ದೇಶವೆಲ್ಲ ಸುದ್ದಿ ಹರಡಿತು. ಮೇಯರ್ ಮತ್ತು ಪೊಲೀಸ್ ಮುಖ್ಯಸ್ಥರೇ ರಾಷ್ಟ್ರೀಯ ಟಿವಿಯಲ್ಲಿ ಹಾಗೆ ಹೇಳಿದ್ದರು, ಅಂದರೆ ವರದಿಗಾರರು ಸುಮ್ನೆ ಕಟ್ಟಿದ ಕತೆಯಲ್ಲ ಅದು. ಸೆಪ್ಟೆಂಬರ್ ಕೊನೆಗೆ ಅಲ್ಲಿನ ಸ್ಥಳೀಯ ಪತ್ರಿಕೆ ಟೈಮ್ಸ್-ಪಿಕಾಯೂನ್ ಒಂದೊಂದನ್ನೇ ಪರಿಶೀಲಿಸಿದಾಗ ಅತಿ ಭೀಕರ ಸುದ್ದಿಗಳಲ್ಲಿ ಹೆಚ್ಚಿನವಕ್ಕೆ ಆಧಾರವೇ ಸಿಗಲಿಲ್ಲ. ಸೂಪರ್‌ಡೋಮ್‌ನಲ್ಲಿ ಸಿಕ್ಕ ಶವಗಳು ಆರು. ಅದರಲ್ಲಿ ಒಂದೂ ಕೊಲೆಯಲ್ಲ. ಆದರೆ ಅಷ್ಟರಲ್ಲಿ ಆಗುವುದೆಲ್ಲ ಆಗಿತ್ತು, ಲೂಟಿ ತಡೆಯಲೆಂದು ಪೊಲೀಸರನ್ನು ಜನರ ರಕ್ಷಣೆಯ ಕೆಲಸದಿಂದ ವಾಪಸ್ ಕರೆಸಿದ್ದರು.

ಅದೇ ವಾರದ ಎರಡು ಫೋಟೊಗಳೂ ಇವೆ. ಎದೆಮಟ್ಟದ ನೀರಿನಲ್ಲಿ ಸಾಮಾನು ಹಿಡಿದು ಹೋಗುತ್ತಿರುವವರು. ಕಪ್ಪು ಯುವಕನ ಫೋಟೊ ಕೆಳಗೆ ಅಂಗಡಿ "ಲೂಟಿ ಮಾಡಿ" ಬರುತ್ತಿದ್ದಾನೆ ಅಂತ ಇತ್ತು, ಬಿಳಿಯ ಜೋಡಿಯ ಫೋಟೊ ಕೆಳಗೆ ಅಂಗಡಿಯಿಂದ ಸಾಮಾನು "ಸಿಕ್ಕಿ" ಬರುತ್ತಿದ್ದಾರೆ ಅಂತ ಇತ್ತು. ಎರಡೂ ಬೇರೆ ಬೇರೆ ಏಜೆನ್ಸಿಯವು, ಬರೆದವರೂ ಬೇರೆ, ಮೊದಲ ಏಜೆನ್ಸಿ ತನ್ನ ಛಾಯಾಗ್ರಾಹಕ ಕಣ್ಣಾರೆ ನೋಡಿಯೇ ಬರೆದದ್ದು ಅಂತ ಹೇಳಿತು. ಆ ವಾದವನ್ನೂ ನಿಮ್ಮ ಶೀಟಿನಲ್ಲಿ ಬರೆದುಕೊಳ್ಳಿ. ಒಂದು ಜೊತೆ ಫೋಟೊದಿಂದ ಯಾವ ತೀರ್ಮಾನಕ್ಕೂ ಬರಬೇಡಿ. ಇಡೀ ವರ್ಷದಲ್ಲಿ ಯಾವ ಬಡಾವಣೆಯ ಜನಕ್ಕೆ ಯಾವ ಕ್ರಿಯಾಪದ ಬೀಳುತ್ತದೆ ಅಂತ ಎಣಿಸಿದರೆ ಮಾತು ಗಟ್ಟಿಯಾಗುತ್ತದೆ.

ಸಂಖ್ಯೆ ಕಂಡರೆ ಗಡಿ ಕೇಳಿ

"ದೇಶದ ಅತಿ ಅಪಾಯಕಾರಿ ನಗರ" ಅನ್ನುವ ಪಟ್ಟಿಗಳು ಪ್ರತಿ ವರ್ಷ ಬರುತ್ತವೆ. ಬರೆಯಲು ಸುಲಭ, ಜನ ಓದುತ್ತಾರೆ, ಹಾಗಾಗಿ ನಿಲ್ಲುವುದಿಲ್ಲ. ಅಮೆರಿಕದ ಸೇಂಟ್ ಲೂಯಿಸ್ ಇಂಥ ಪಟ್ಟಿಗಳ ಮೇಲ್ಭಾಗದಲ್ಲಿ ಮತ್ತೆ ಮತ್ತೆ ಕಾಣಿಸುತ್ತದೆ. ಅಲ್ಲಿ ಹಿಂಸೆ ಇಲ್ಲ ಅಂತಲ್ಲ, ಇದೆ. ಆದರೆ ಆ ನಗರ 1876ರಲ್ಲೇ ತನ್ನ ಕೌಂಟಿಯಿಂದ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಬೇರೆಯಾಯಿತು, ಗಡಿ ಅಲ್ಲಿಗೇ ನಿಂತುಬಿಟ್ಟಿತು. 2020ರ ಜನಗಣತಿಯಲ್ಲಿ ಗಡಿಯೊಳಗೆ ಇದ್ದವರು ಸುಮಾರು 3 ಲಕ್ಷ, ಸುತ್ತಲಿನ ಮಹಾನಗರ ಪ್ರದೇಶ ಸೇರಿಸಿದರೆ 28 ಲಕ್ಷ. ಶಾಂತವಾದ ಹೊರವಲಯಗಳೆಲ್ಲ ಲೆಕ್ಕದಿಂದ ಹೊರಗೆ. ಕೆಲಸಕ್ಕೆ ಬಂದುಹೋಗುವವರ ಮೇಲೆ ನಡೆದ ಅಪರಾಧ ನಗರದ ಲೆಕ್ಕಕ್ಕೆ ಬರುತ್ತದೆ, ಆ ಜನ ಮಾತ್ರ ನಗರದ ಜನಸಂಖ್ಯೆಯಲ್ಲಿ ಇಲ್ಲ. ಜ್ಯಾಕ್ಸನ್‌ವಿಲ್ ನಗರ ಇದಕ್ಕೆ ತದ್ವಿರುದ್ಧ. 1968ರಲ್ಲಿ ಅದು ತನ್ನ ಕೌಂಟಿಯ ಜೊತೆ ಒಂದಾಯಿತು, ಹೊರವಲಯಗಳೂ ಒಳಗೇ ಬಂದವು. ಈ ಎರಡನ್ನು ಒಂದೇ ಪಟ್ಟಿಯಲ್ಲಿಟ್ಟು ಹೋಲಿಸಿದರೆ ಏನು ಅರ್ಥ? ಅಂಕಿಅಂಶ ಪ್ರಕಟಿಸುವ ಎಫ್‌ಬಿಐ ಕೂಡ ಇದನ್ನು ಬಳಸಿ ನಗರಗಳಿಗೆ ರ‍್ಯಾಂಕ್ ಕೊಡಬೇಡಿ ಅಂತ ಎಚ್ಚರಿಸುತ್ತದೆ. ಆ ಎಚ್ಚರಿಕೆ ಹೆಡ್‌ಲೈನ್ ಆಗುವುದಿಲ್ಲ.

ಹಾಗಾಗಿ ಪ್ರತಿ ಸಂಖ್ಯೆಗೂ ಮೂರು ಪ್ರಶ್ನೆ ಕೇಳಿ: ಗಡಿ ಯಾವುದು, ಯಾವುದರಿಂದ ಭಾಗಿಸಿದ್ದಾರೆ, ದೂರು ದಾಖಲಿಸುವ ಪದ್ಧತಿ ಎರಡೂ ಕಡೆ ಒಂದೇನಾ? ಕೊನೆಯದನ್ನು ಜನ ಮರೆಯುತ್ತಾರೆ. ಠಾಣೆಯಲ್ಲಿ ದೂರು ಸಲೀಸಾಗಿ ಬರೆದುಕೊಳ್ಳುವ ನಗರವೇ ಪಟ್ಟಿಯಲ್ಲಿ ಕೆಟ್ಟದಾಗಿ ಕಾಣುತ್ತದೆ.

ಫೋಟೊಗಳ ಬಗ್ಗೆ ಜಾಸ್ತಿ ಹೇಳಬೇಕಿಲ್ಲ, ಜನರನ್ನು ಎಣಿಸಿ. ಅಮೆರಿಕದ ಡೆಟ್ರಾಯಿಟ್ ಬಗ್ಗೆ ವರ್ಷಗಟ್ಟಲೆ ಬಂದ ಫೋಟೊಗಳಲ್ಲಿ 1988ರಲ್ಲಿ ಮುಚ್ಚಿದ ಮಿಷಿಗನ್ ಸೆಂಟ್ರಲ್ ರೈಲು ನಿಲ್ದಾಣದ ಒಡೆದ ಕಿಟಕಿಗಳೇ ಮತ್ತೆ ಮತ್ತೆ ಬಂದವು, ಒಬ್ಬ ಮನುಷ್ಯನೂ ಇಲ್ಲದೆ. 2020ರಲ್ಲೂ ಆ ನಗರದಲ್ಲಿ 6 ಲಕ್ಷಕ್ಕೂ ಹೆಚ್ಚು ಜನ ಇದ್ದರು. ಫೋರ್ಡ್ ಕಂಪನಿ 2018ರಲ್ಲಿ ಕೊಂಡುಕೊಂಡ ಆ ಕಟ್ಟಡ ದುರಸ್ತಿಯಾಗಿ 2024ರಲ್ಲಿ ಮತ್ತೆ ತೆರೆಯಿತು. ಟಿವಿಯಲ್ಲಾದರೆ ಮೂಲೆಯಲ್ಲಿ "ಸಂಗ್ರಹ ದೃಶ್ಯ" (ಹಿಂದೆಂದೋ ತೆಗೆದದ್ದು) ಅಂತ ಸಣ್ಣಗೆ ಬರೆದಿದೆಯಾ ನೋಡಿ.

ಹಿನ್ನೆಲೆಯ ಸಾಲು ಎಷ್ಟು ವರ್ಷ ಬದುಕುತ್ತದೆ

ಸುದ್ದಿಯ ಕೊನೆ ಭಾಗದಲ್ಲಿ ಒಂದು ಸಾಲು ಇರುತ್ತದೆ ನೋಡಿ, "ಇಷ್ಟನೇ ಇಸವಿಯಲ್ಲಿ ಇಂಥ ಘಟನೆಗೆ ಸುದ್ದಿಯಾಗಿದ್ದ ಈ ನಗರದಲ್ಲಿ" ಅಂತ. ಅದು ಹಳೆ ಸುದ್ದಿಯಿಂದ ನಕಲಾಗಿ ಬರುತ್ತದೆ, ಯಾರೂ ಮತ್ತೆ ಯೋಚಿಸುವುದಿಲ್ಲ. ನನ್ನ ಪ್ರಕಾರ ಇಡೀ ಶೀಟಿನಲ್ಲಿ ಇದೇ ಅತಿ ಬೆಲೆಯುಳ್ಳ ಕಾಲಂ. ಘಟನೆ ಆದ ಎಷ್ಟು ವರ್ಷದ ಮೇಲೂ ಆ ಸಾಲು ಅಂಟಿಕೊಂಡೇ ಬರುತ್ತಿದೆ ಅಂತ ಗುರುತು ಹಾಕಿ.

ಸೂರತ್ ತೆಗೆದುಕೊಳ್ಳಿ. 1994ರ ಸೆಪ್ಟೆಂಬರಿನಲ್ಲಿ ಪ್ಲೇಗ್ ಸುದ್ದಿ ಬಂದು ಕೆಲವೇ ದಿನಗಳಲ್ಲಿ ಲಕ್ಷಾಂತರ ಜನ ಊರು ಬಿಟ್ಟರು. ಅಧಿಕೃತ ಲೆಕ್ಕದಲ್ಲಿ ಇಡೀ ದೇಶದಲ್ಲಿ ಸತ್ತವರು 60ರ ಒಳಗೆ. 1995ರಲ್ಲಿ ಮುನಿಸಿಪಲ್ ಕಮಿಷನರ್ ಆಗಿ ಬಂದ ಎಸ್.ಆರ್. ರಾವ್ ಕಸ, ಚರಂಡಿ, ಅಧಿಕಾರಿಗಳ ದಿನನಿತ್ಯದ ತಪಾಸಣೆ ಅಂತ ಬೆನ್ನುಹತ್ತಿದರು, ಊರು ಬೇಗನೇ ಬದಲಾಯಿತು. 2023ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಇಂದೋರ್ ಜೊತೆ ಮೊದಲ ಸ್ಥಾನವೂ ಬಂತು. ಆ ಸುದ್ದಿ ಬರೆಯುವಾಗಲೂ ಪ್ಲೇಗಿನ ಸಾಲು ಬರುತ್ತದೆ. ಈಗ ಹೊಗಳಲು ಬರುತ್ತದೆ ಅಷ್ಟೇ.

ಕೆಲವು ಸಲ ಅಂಟಿದ್ದು ಸುಳ್ಳೇ ಆಗಿರುತ್ತದೆ, ಆಗ ನಗರ ತಾನೇ ನೆನಪಿಟ್ಟುಕೊಳ್ಳುತ್ತದೆ. 1989ರ ಏಪ್ರಿಲ್ 15ರಂದು ಇಂಗ್ಲೆಂಡಿನ ಶೆಫೀಲ್ಡ್‌ನ ಹಿಲ್ಸ್‌ಬರೊ ಕ್ರೀಡಾಂಗಣದ ನೂಕುನುಗ್ಗಲಿನಲ್ಲಿ ಲಿವರ್‌ಪೂಲ್ ಫುಟ್‌ಬಾಲ್ ತಂಡದ ಅಭಿಮಾನಿಗಳು ಸತ್ತರು, ಕೊನೆಗೆ ಆ ಸಂಖ್ಯೆ 97 ಆಯಿತು. ನಾಲ್ಕು ದಿನಕ್ಕೆ ದಿ ಸನ್ ಪತ್ರಿಕೆ ಮುಖಪುಟದಲ್ಲಿ ಅಭಿಮಾನಿಗಳ ಮೇಲೇ ಹೀನ ಆರೋಪ ಹೊರಿಸಿತು. 2012ರಲ್ಲಿ ಸ್ವತಂತ್ರ ಸಮಿತಿಯ ವರದಿ ಬಂದ ಮೇಲೆ ಕ್ಷಮೆ ಕೇಳಿತು, 2016ರ ವಿಚಾರಣೆಯಲ್ಲಿ ಅಭಿಮಾನಿಗಳ ತಪ್ಪಿಲ್ಲ ಅಂತ ತೀರ್ಮಾನವಾಯಿತು. ಲಿವರ್‌ಪೂಲ್ ನಗರದಲ್ಲಿ ಆ ಪತ್ರಿಕೆ ಮುಟ್ಟದವರು ಈಗಲೂ ಎಷ್ಟೋ ಜನ. ಲಿವರ್‌ಪೂಲಿನವರು ಅಂದರೆ ಯಾರು ಅನ್ನುವುದರಲ್ಲಿ ಈ ಬಹಿಷ್ಕಾರವೂ ಸೇರಿಹೋಗಿದೆ.

ನೆನಪಾಗದ ಜಾಗ

ಈಗ ಉಲ್ಟಾ ಹುಡುಕಿ. ಮನೆ ಬಾಡಿಗೆ, ಶಾಲೆ, ವಯಸ್ಸಾದವರ ಆರೈಕೆ, ಹೀಗೆ ದೇಶಕ್ಕೆಲ್ಲ ಸೇರಿದ ವಿಷಯದ ಬರಹಗಳನ್ನು ತೆಗೆದು ಉದಾಹರಣೆಗೆ ಯಾರನ್ನು ಮಾತಾಡಿಸಿದ್ದಾರೆ ನೋಡಿ. ಬಹಳ ಸಲ ರಾಜಧಾನಿಯ ಇಬ್ಬರು ಬಾಡಿಗೆದಾರರು ಮಾತಾಡಿದರೆ ಅದು ದೇಶದ ಕತೆ, ಬೇರೆ ನಗರದವರು ಅದನ್ನೇ ಹೇಳಿದರೆ ಅದು ಆ ನಗರದ ಕತೆ. ನಿಮ್ಮ ನಗರದವರು ಸಾಮಾನ್ಯ ಮನುಷ್ಯರಾಗಿ ಎಷ್ಟು ಸಲ ಬಂದಿದ್ದಾರೆ, ಸಂತ್ರಸ್ತರಾಗಿ, ಆರೋಪಿಗಳಾಗಿ, ಹಬ್ಬದ ಅಲಂಕಾರವಾಗಿ ಎಷ್ಟು ಸಲ ಬಂದಿದ್ದಾರೆ? ಸ್ಥಳೀಯ ಪತ್ರಿಕೆಯ ಅದೇ ತಿಂಗಳ ಮುಖಪುಟಗಳನ್ನು ಪಕ್ಕದಲ್ಲಿಡಿ. ಆದರೆ ಸ್ಥಳೀಯ ಪತ್ರಿಕೆ ಹೇಳಿದ್ದೇ ಸತ್ಯ ಅಂತಲೂ ಅಂದುಕೊಳ್ಳಬೇಡಿ, ಅದಕ್ಕೂ ಜಾಹೀರಾತುದಾರರಿದ್ದಾರೆ.

ನಗರಾಡಳಿತ ಮಾಡುವ ಪ್ರಚಾರವನ್ನೂ ಇದೇ ಶೀಟಿನಲ್ಲಿ ಹಾಕಿ. ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರ 1983ರಲ್ಲಿ ಶುರು ಮಾಡಿದ ಪ್ರಚಾರ ಚೆನ್ನಾಗಿಯೇ ಕೆಲಸ ಮಾಡಿತು, 1990ರಲ್ಲಿ ಯೂರೋಪಿನ ಸಾಂಸ್ಕೃತಿಕ ನಗರ ಎಂಬ ಗೌರವವೂ ಸಿಕ್ಕಿತು. ಆಗ ಅದನ್ನು ಕಟುವಾಗಿ ವಿರೋಧಿಸಿದವರೂ ಆ ನಗರದವರೇ. ಕಾರ್ಖಾನೆ ದುಡಿಮೆಯ ಇತಿಹಾಸವನ್ನು ಪೋಸ್ಟರಿನಿಂದ ಒರೆಸಿ ಹಾಕಿದ್ದೀರಿ ಅನ್ನುವುದು ಅವರ ತಕರಾರು. ಒಳ್ಳೆಯದನ್ನೇ ತೋರಿಸಿ ಅಂತ ಮಾಧ್ಯಮವನ್ನು ಕೇಳುವವರ ಮಾತಿಗೆ ನನಗೆ ಅಷ್ಟು ಮರ್ಯಾದೆ ಇಲ್ಲದಿರುವುದು ಇದಕ್ಕೇ.

ಲೆಕ್ಕ ಮುಗಿದ ಮೇಲೆ ಪತ್ರ ಬರೆಯಿರಿ. "ನಮ್ಮ ನಗರಕ್ಕೆ ಅವಮಾನ" ಅಂತ ಬರೆದರೆ ಯಾರೂ ಪೂರ್ತಿ ಓದುವುದಿಲ್ಲ. ಒಂದು ಸುದ್ದಿ, ಅದರ ದಿನಾಂಕ, ತಪ್ಪಾದ ಒಂದು ಸಾಲು, ಸರಿಯಾದ ಮಾಹಿತಿ, ಅದು ಸಿಗುವ ದಾಖಲೆ. ಒಂದು ಪುಟ ಮೀರಬೇಡಿ. ಕೆಲವು ಪತ್ರಿಕೆಗಳಲ್ಲಿ ಓದುಗರ ದೂರು ನೋಡಲೆಂದೇ ಸಂಪಾದಕರಿದ್ದಾರೆ, ದಿ ಗಾರ್ಡಿಯನ್ 1997ರಲ್ಲೇ ಇಂಥ ಹುದ್ದೆ ಮಾಡಿತು. ಅಂಥವರಿದ್ದರೆ ನೇರ ಅವರಿಗೇ ಕಳಿಸಿ. ತಿದ್ದುಪಡಿ ಬಂದರೆ ಮೂಲ ಸುದ್ದಿಯ ವೆಬ್ ಪುಟದಲ್ಲೂ ಸೇರಿಸಿದ್ದಾರಾ ನೋಡಿ, ಇಲ್ಲವಾದರೆ ಹಳೆಯ ಸಾಲೇ ಮುಂದಿನ ವರದಿಗಾರನ ಕೈಗೆ ಸಿಗುತ್ತದೆ. ಒಂದು ವರ್ಷದ ಪೂರ್ತಿ ಶೀಟನ್ನು ಸುದ್ದಿ ಸಂಪಾದಕರಿಗೆ ಬೇರೆಯಾಗಿ ಕಳಿಸಿ, ಜೊತೆಗೆ ವಿಷಯ ಗೊತ್ತಿದ್ದು ಮಾತಾಡಲು ಒಪ್ಪಿರುವ ಹತ್ತು ಜನರ ಹೆಸರು, ನಂಬರ್ ಕೊಡಿ: ಒಬ್ಬ ನರ್ಸ್, ಒಬ್ಬ ಬಸ್ ಚಾಲಕ, ಜಲಮಂಡಳಿಯಿಂದ ನಿವೃತ್ತರಾದ ಎಂಜಿನಿಯರ್, ಹೀಗೆ. ಮುಂದಿನ ಪ್ರವಾಹದ ರಾತ್ರಿ ಡೆಸ್ಕಿನಲ್ಲಿ ಕೂತವನಿಗೆ ನಿಮ್ಮ ವಿಶ್ಲೇಷಣೆಗಿಂತ ಆ ಹತ್ತು ನಂಬರುಗಳೇ ಜಾಸ್ತಿ ಉಪಯೋಗಕ್ಕೆ ಬರುತ್ತವೆ.