ಟಿಡ್ಲಿವಿಕಿಯೊಳಗೆ ಯೋಜನೆಗಳ ಲೆಕ್ಕ ಇಟ್ಟ ಬಗೆ

ಯೋಜನೆಗಳನ್ನು ನಿಭಾಯಿಸುವ ತಂತ್ರಾಂಶಗಳಿಗೆ ಬರವಿಲ್ಲ. ಆದರೆ ಟಿಪ್ಪಣಿ ಒಂದು ಕಡೆ, ಅದರಿಂದ ಹುಟ್ಟಿದ ಕೆಲಸ ಇನ್ನೊಂದು ಕಡೆ ಇರುವುದು ನನಗೆ ಒಗ್ಗಲಿಲ್ಲ. ಟಿಪ್ಪಣಿಗಳು ಮೊದಲಿನಿಂದಲೂ ಟಿಡ್ಲಿವಿಕಿಯಲ್ಲಿದ್ದವು. ಜೆರೆಮಿ ರಸ್ಟನ್ 2004ರಲ್ಲಿ ಹೊರತಂದ ಈ ವಿಕಿ, ಅಂದರೆ ಒಂದಕ್ಕೊಂದು ಕೊಂಡಿ ಹಾಕಬಹುದಾದ ಟಿಪ್ಪಣಿಗಳ ತಾಣ, ಇಡಿಯಾಗಿ ಬ್ರೌಸರಿನಲ್ಲಿ ತೆರೆಯುವ ಒಂದೇ ಎಚ್‌ಟಿಎಂಎಲ್ ಕಡತ. ಅದರೊಳಗಿನ ಪ್ರತಿ ತುಣುಕಿಗೆ ಟಿಡ್ಲರ್ ಎಂದು ಹೆಸರು. ಕೆಲಸಗಳನ್ನೂ ಅಲ್ಲಿಗೇ ತರಲು ಹೊರಟೆ.

ಕೆಲಸವೆಂದರೆ ಯೋಜನೆಯ ಪುಟದಲ್ಲಿ ಒಂದು ಸಾಲೋ, ಸ್ವತಂತ್ರ ಟಿಡ್ಲರೋ? ಮೊದಲು ಇತ್ಯರ್ಥವಾಗಬೇಕಾದದ್ದು ಇದು. ಸಾಲಾಗಿ ಬರೆಯುವುದು ಸುಲಭ, ಆದರೆ ಅದನ್ನು ಗಡುವಿನ ಪ್ರಕಾರ ಜೋಡಿಸಲು ಬಾರದು. ಹಾಗಾಗಿ ‘ವರದಿಯ ಕರಡು ತಿದ್ದುವುದು’ ಎಂಬಷ್ಟು ಸಣ್ಣದಕ್ಕೂ ಒಂದು ಟಿಡ್ಲರ್ ಕೊಟ್ಟೆ. ಯೋಜನೆಯ ಪುಟದಲ್ಲಿ ಕೈಯಾರೆ ಬರೆದ ಪಟ್ಟಿಯೇ ಇಲ್ಲ. ‘ಈ ಪುಟದ ಹೆಸರನ್ನೇ ಟ್ಯಾಗ್ (ಗುರುತುಚೀಟಿ) ಆಗಿ ಹೊತ್ತ, ಇನ್ನೂ ಮುಗಿಯದ ಕೆಲಸಗಳನ್ನು ಗಡುವಿನ ಕ್ರಮದಲ್ಲಿ ತೋರಿಸು’ ಎನ್ನುವ ಫಿಲ್ಟರ್ (ಟಿಡ್ಲರ್‌ಗಳನ್ನು ಆರಿಸಿ ತೋರಿಸುವ ಸೂತ್ರ) ಇದೆ, ಅಷ್ಟೇ. ಅದನ್ನು ಟೆಂಪ್ಲೇಟಿನಲ್ಲಿ ಒಮ್ಮೆ ಬರೆದರೆ ಎಲ್ಲ ಯೋಜನೆಗಳಿಗೂ ಸಾಕು.

ಟ್ಯಾಗ್ ಯಾವುದಕ್ಕೆ, ಫೀಲ್ಡ್ (ಟಿಡ್ಲರ್‌ಗೆ ಸೇರಿದ, ಹೆಸರಿಟ್ಟ ಮಾಹಿತಿಯ ಖಾನೆ) ಯಾವುದಕ್ಕೆ ಎಂಬುದರಲ್ಲಿ ನಾನು ತುಸು ಹಟಮಾರಿ. ಯಾವ ಕೆಲಸ ಯಾವ ಯೋಜನೆಯದು ಎಂಬಂಥ ನಂಟುಗಳೆಲ್ಲ ಟ್ಯಾಗ್, ಗಡುವು, ಸ್ಥಿತಿಯಂಥ ಮಾಹಿತಿಯೆಲ್ಲ ಫೀಲ್ಡ್. ಯೋಜನೆಯ ಹೆಸರು ಎಂದಾದರೊಂದು ದಿನ ಬದಲಾಗಿಯೇ ಆಗುತ್ತದೆ. ಆಗ ಬೇರೆ ಟಿಡ್ಲರ್‌ಗಳ ಟ್ಯಾಗ್‌ಗಳಲ್ಲಿರುವ ಹಳೆಯ ಹೆಸರನ್ನೂ ತಿದ್ದಲೇ ಎಂದು ಟಿಡ್ಲಿವಿಕಿ ತಾನಾಗಿ ಕೇಳುತ್ತದೆ. ನಾವು ಸೃಷ್ಟಿಸಿಕೊಂಡ ಫೀಲ್ಡ್‌ಗಳಿಗೆ ಆ ಉಪಚಾರವಿಲ್ಲ. ಕೆಲಸದ ಸ್ಥಿತಿಯ ವಿಷಯ ಬೇರೆ. ಅದು ಒಂದು ಹೊತ್ತಿಗೆ ಒಂದೇ ಆಗಿರಬೇಕು. ಟ್ಯಾಗ್ ಆಗಿದ್ದರೆ ‘ಬಾಕಿ’, ‘ಮುಗಿದಿದೆ’ ಎರಡೂ ಒಟ್ಟಿಗೆ ಅಂಟಿಕೊಂಡು ಕುಳಿತರೂ ಕೇಳುವವರಿಲ್ಲ. ಫೀಲ್ಡ್‌ನಲ್ಲಿ ಒಂದು ಬಂದರೆ ಇನ್ನೊಂದು ಹೋಗಲೇಬೇಕು. ಚೆಕ್‌ಬಾಕ್ಸನ್ನು ಈ ಫೀಲ್ಡಿಗೇ ಕಟ್ಟಿದ್ದೇನೆ. ಗುರುತು ಹಾಕಿದ ಕೂಡಲೇ ಕೆಲಸ ಪಟ್ಟಿಯಿಂದ ಮಾಯ.

ಗಡುವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಎಂಟು ಅಂಕಿಗಳಾಗಿ, ನಡುವೆ ಗೆರೆಯಿಲ್ಲದೆ ಬರೆಯುತ್ತೇನೆ: 20250314. ದಿನವನ್ನು ಮೊದಲು ಬರೆದರೆ, ಜೋಡಿಸುವಾಗ ಮಾರ್ಚ್ 2ಕ್ಕಿಂತ ಏಪ್ರಿಲ್ 1 ಮೊದಲು ಬಂದು ನಿಲ್ಲುತ್ತದೆ. ಟಿಡ್ಲಿವಿಕಿ ಕೂಡ ತನ್ನ ದಿನಾಂಕಗಳನ್ನು ವರ್ಷದಿಂದಲೇ ಶುರುಮಾಡಿ 17 ಅಂಕಿಗಳಲ್ಲಿ ಇಡುತ್ತದೆ.

ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ‘ಯಾರಿಗಾಗಿ ಕಾಯುತ್ತಿದೆ’ ಎಂಬ ಫೀಲ್ಡ್. ಅದು ಖಾಲಿಯಿಲ್ಲದ ಕೆಲಸಗಳನ್ನು ಬೇರೆ ಪುಟಕ್ಕೆ ಎಳೆದ ಮೇಲೆ ದಿನದ ಪಟ್ಟಿ ಅರ್ಧಕ್ಕರ್ಧ ಹಗುರವಾಯಿತು. ಶೇಕಡಾವಾರು ಪ್ರಗತಿ, ಬಣ್ಣದ ಪಟ್ಟೆ ಇತ್ಯಾದಿಗಳ ಗೋಜಿಗೆ ಹೋಗಲಿಲ್ಲ. ನೋಡಲು ಚೆಂದ, ಕೆಲಸಕ್ಕೆ ಬಾರದವು.

ಉಳಿಸುವ ವ್ಯವಸ್ಥೆಯನ್ನು ಮಾತ್ರ ಬದಲಿಸಿದೆ. ಬ್ರೌಸರ್ ಸಾಮಾನ್ಯವಾಗಿ ಪ್ರತಿ ಸಲವೂ ಹೊಸ ಪ್ರತಿಯನ್ನೇ ಡೌನ್‌ಲೋಡ್ ಮಾಡುತ್ತದೆ. ಅದರ ಬದಲು ನೋಡ್ ಜೆಎಸ್ (ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ) ಮೇಲೆ ಓಡಿಸಿದರೆ ಪ್ರತಿ ಟಿಡ್ಲರೂ ಪ್ರತ್ಯೇಕ ಕಡತವಾಗುತ್ತದೆ, ಕಡತಗಳ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನಲ್ಲಿ ಇತಿಹಾಸ ಸಿಗುತ್ತದೆ. ಹಾಗಿದ್ದರೂ ಒಂದೇ ಟಿಡ್ಲರನ್ನು ಇಬ್ಬರು ಏಕಕಾಲಕ್ಕೆ ತಿದ್ದಿದರೆ ಕೊನೆಗೆ ಉಳಿಸಿದವರ ಬರಹವೇ ನಿಲ್ಲುತ್ತದೆ. ಅದಕ್ಕೇ ಜೊತೆಗಾರರಿಗೆ ಪಟ್ಟಿಯ ಪ್ರತಿಯನ್ನಷ್ಟೇ ಕಳಿಸುತ್ತೇನೆ, ತಿದ್ದುವುದು ನಾನೊಬ್ಬನೇ.