ಕ್ವಾಲಾಲಂಪುರದಿಂದ ಲುವಾಂಗ್ ಪ್ರಬಾಂಗ್‌ವರೆಗೆ: ಮೂರು ದೇಶಗಳನ್ನು ರೈಲಿನಲ್ಲಿ ದಾಟುವುದು ಹೇಗೆ?

ಬೆಂಗಳೂರಿನಿಂದ ಕ್ವಾಲಾಲಂಪುರಕ್ಕೆ ಹೋದವರು ಅಲ್ಲಿಂದ ಬ್ಯಾಂಕಾಕ್‌ಗೂ ವಿಮಾನವನ್ನೇ ಹಿಡಿಯುವುದು ರೂಢಿ. ಆದರೆ ಮಲೇಷ್ಯಾದ ಹಳಿ ಥಾಯ್ಲೆಂಡಿನ ಹಳಿಯನ್ನು ಕೂಡುತ್ತದೆ, ಥಾಯ್ಲೆಂಡಿನದು ಮೆಕಾಂಗ್ ನದಿಯನ್ನು ದಾಟಿ ಲಾವೋಸನ್ನು ಮುಟ್ಟುತ್ತದೆ. ಹಾಗಾಗಿ ಪ್ರವಾಸ ಕಂಪನಿಯ ಹಂಗಿಲ್ಲದೆ ಈ ಮೂರೂ ದೇಶಗಳನ್ನು ನೆಲದ ಮೇಲೆಯೇ ನೋಡುತ್ತ ಹೋಗಬಹುದು. ಇಡೀ ದಾರಿಗೆ ಒಂದೇ ಟಿಕೆಟ್ ಮಾತ್ರ ಸಿಗುವುದಿಲ್ಲ. ಒಂದೊಂದು ದೇಶದ ತುಂಡನ್ನು ಬೇರೆ ಬೇರೆಯಾಗಿ ಕೊಳ್ಳಬೇಕು. ಆದ್ದರಿಂದ ಯಾವ ಊರು ನೋಡಬೇಕು ಎಂಬುದಕ್ಕಿಂತ ಮೊದಲು, ಯಾವ ಗಡಿಯನ್ನು ಯಾವ ದಿನ ಎಷ್ಟು ಹೊತ್ತಿಗೆ ದಾಟುತ್ತೇವೆ ಎಂಬುದನ್ನು ಕಾಗದದ ಮೇಲೆ ಬರೆದುಕೊಳ್ಳುವುದು ಒಳ್ಳೆಯದು.

ಮೊದಲು ಕಾಗದಪತ್ರ

ಭಾರತೀಯರಿಗೆ ಮಲೇಷ್ಯಾ ನೀಡಿರುವ 30 ದಿನಗಳ ವೀಸಾ ವಿನಾಯಿತಿ 2026ರ ಡಿಸೆಂಬರ್ 31ರವರೆಗೆ ಇದೆ. ಆದರೂ ಅಲ್ಲಿಗೆ ತಲುಪುವ ಮುಂಚಿನ ಮೂರು ದಿನಗಳೊಳಗೆ ಡಿಜಿಟಲ್ ಆಗಮನ ಪತ್ರವನ್ನು ತುಂಬಲೇಬೇಕು. ಥಾಯ್ಲೆಂಡ್ ಕೂಡ 2025ರ ಮೇ 1ರಿಂದ ಇಂಥದ್ದೇ ಪತ್ರವನ್ನು ಕಡ್ಡಾಯ ಮಾಡಿದೆ. ರೈಲಿನಲ್ಲಿ ಬರುವವರಿಗೂ ಅದು ಅನ್ವಯಿಸುತ್ತದೆ. ಎರಡೂ ಪತ್ರಗಳಿಗೆ ಶುಲ್ಕವಿಲ್ಲ. ಹಣ ಕೇಳುವ ಜಾಲತಾಣ ಕಂಡರೆ ಅದು ಸರ್ಕಾರದ್ದಲ್ಲವೆಂದು ತಿಳಿಯಿರಿ. ಥಾಯ್ಲೆಂಡಿನ ವೀಸಾ ನಿಯಮ ಆಗಾಗ ಬದಲಾಗುವುದರಿಂದ ಹೊರಡುವ ಮುನ್ನ ರಾಯಭಾರ ಕಚೇರಿಯ ಪುಟವನ್ನೇ ನೋಡಬೇಕು. ಮುಂದಿನ ದೇಶಕ್ಕೆ ಹೊರಡುವ ಟಿಕೆಟ್ಟನ್ನು ಗಡಿಯಲ್ಲಿ ಕೇಳಬಹುದು; ಅದರ ಮುದ್ರಿತ ಪ್ರತಿ ಕೈಯಲ್ಲಿರಲಿ.

ನಮ್ಮವರನ್ನು ಹೆಚ್ಚು ಕಾಡುವುದು ಹೆಸರು. ಊರಿನ ಹೆಸರು, ಅಪ್ಪನ ಹೆಸರುಗಳ ಇನಿಷಿಯಲ್ ಹೊತ್ತು ಬದುಕುವ ನಮ್ಮಲ್ಲಿ ಅನೇಕರ ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿಯಿರುತ್ತದೆ. ಟಿಕೆಟ್ ಜಾಲತಾಣಗಳೋ ಆ ಜಾಗ ತುಂಬದೆ ಮುಂದಕ್ಕೆ ಬಿಡುವುದಿಲ್ಲ. ಪ್ರತಿ ನಮೂನೆಯಲ್ಲೂ ಇದಕ್ಕೆ ಕೊಟ್ಟಿರುವ ಸೂಚನೆಯನ್ನು ಓದಿಕೊಂಡು ತುಂಬಿ. ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದಿರುವ ಹೆಸರನ್ನು ಟಿಕೆಟ್ಟಿನಲ್ಲಿ ಎಂದೂ ಇನಿಷಿಯಲ್‌ಗೆ ಇಳಿಸಬೇಡಿ.

ಗಡಿಯವರೆಗೆ

ಕ್ವಾಲಾಲಂಪುರದ ಕೆಎಲ್ ಸೆಂಟ್ರಲ್ ನಿಲ್ದಾಣದಿಂದ ಇಟಿಎಸ್ ಎಂಬ ವಿದ್ಯುತ್ ರೈಲು ಗಡಿಯ ಪಡಾಂಗ್ ಬೆಸಾರ್‌ಗೆ ಹೋಗುತ್ತದೆ. ಟಿಕೆಟ್ಟನ್ನು ಮಲೇಷ್ಯಾ ರೈಲ್ವೆಯ ಆ್ಯಪ್‌ನಲ್ಲಿ ಕೊಳ್ಳಬಹುದು. ಶಾಲಾ ರಜೆ, ಹಬ್ಬಗಳ ದಿನ ಸೀಟುಗಳು ಬೇಗ ಮುಗಿಯುತ್ತವೆ. ನಿಲ್ದಾಣಕ್ಕೆ ಅಂಟಿಕೊಂಡಂತಿರುವ ಬ್ರಿಕ್‌ಫೀಲ್ಡ್ಸ್ ಬಡಾವಣೆಯಲ್ಲಿ ಇಡ್ಲಿ, ದೋಸೆ ಸಿಗುವುದರಿಂದ ಹಿಂದಿನ ರಾತ್ರಿ ಅಲ್ಲೇ ತಂಗಿ, ಬುತ್ತಿ ಕಟ್ಟಿಸಿಕೊಂಡು ಹೊರಡುವುದು ಜಾಣತನ. ಮೀಟರ್ ಗೇಜ್ ಎಂದೊಡನೆ ನಿಧಾನವಾಗಿ ತೆವಳುತ್ತಿದ್ದ ಹಳೆಯ ಗಾಡಿಗಳನ್ನು ನೆನೆಯುವ ನಮಗೆ, ಅದೇ ಅಗಲದ ಹಳಿಯ ಮೇಲೆ ಗಂಟೆಗೆ 140 ಕಿಲೋಮೀಟರ್ ವೇಗದಲ್ಲಿ ಓಡುವ ಈ ರೈಲು ಅಚ್ಚರಿ ಹುಟ್ಟಿಸುತ್ತದೆ. ತೈಪಿಂಗ್ ದಾಟಿದ ಮೇಲೆ ಬುಕಿತ್ ಮೇರಾ ಎಂಬಲ್ಲಿ ಹಳಿ ಕೆರೆಯ ನಡುವೆಯೇ ಹಾಯುತ್ತದೆ. ಆಗ ಎರಡೂ ಬದಿಯ ಕಿಟಕಿಗಳಲ್ಲಿ ನೀರು ಬಿಟ್ಟರೆ ಬೇರೇನೂ ಕಾಣದು, ಅಷ್ಟು ಹೊತ್ತು ಮೊಬೈಲನ್ನು ಜೇಬಿಗಿಳಿಸಿ.

ಪಡಾಂಗ್ ಬೆಸಾರ್ ನಿಲ್ದಾಣ ಇರುವುದು ಮಲೇಷ್ಯಾದ ನೆಲದಲ್ಲಿ. ಎರಡೂ ದೇಶಗಳ ಇಮಿಗ್ರೇಷನ್ ಕೌಂಟರುಗಳು ಅಲ್ಲಿ ಒಂದೇ ಸೂರಿನಡಿ ಇವೆ. ಮಲೇಷ್ಯಾದ ನಿರ್ಗಮನ ಮುದ್ರೆ ಬಿದ್ದ ನಂತರ ಥಾಯ್ ಅಧಿಕಾರಿಯ ಮುಂದೆ ನಿಲ್ಲಬೇಕು. ಇಲ್ಲಿ ಎಚ್ಚರ ತಪ್ಪಬಾರದ ಸಂಗತಿ ಗಡಿಯಾರ. ಮಲೇಷ್ಯಾದ ಸಮಯ ಥಾಯ್ಲೆಂಡಿಗಿಂತ ಒಂದು ಗಂಟೆ ಮುಂದಿದೆ. ಒಂದು ದೇಶದ ಗಾಡಿ ಒಂದು ಗಂಟೆಗೂ ಇನ್ನೊಂದರದ್ದು ಇನ್ನೊಂದು ಗಂಟೆಗೂ ನಡೆಯುತ್ತದೆ. ಉತ್ತರಕ್ಕೆ ಹೋಗುವಾಗ ಒಂದು ಗಂಟೆ ಲಾಭ, ಹಿಂದಿರುಗುವಾಗ ನಷ್ಟ. ಬ್ಯಾಂಕಾಕ್‌ನಿಂದ ಬೆಳಿಗ್ಗೆ ಬಂದಿಳಿದ ನಾನು, ಇನ್ನೂ ಒಂದು ಗಂಟೆಯಿದೆಯೆಂದು ಕೈಗಡಿಯಾರ ನಂಬಿ ಮಹಡಿಯ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ ಕುಳಿತಿದ್ದಾಗ, ಟಿಕೆಟ್ ಕೊಂಡಿದ್ದ ಗಾಡಿ ಕೆಳಗಿನಿಂದ ಹೊರಟೇಹೋಯಿತು. ತಪ್ಪು ಪೂರ್ತಿ ನನ್ನದೇ. ಅಂದಿನಿಂದ ಪ್ರತಿ ಟಿಕೆಟ್ಟಿನ ಮೇಲೂ ಅದು ಯಾವ ದೇಶದ ಸಮಯವೆಂದು ಪೆನ್ನಿನಲ್ಲಿ ಬರೆದುಕೊಳ್ಳುತ್ತೇನೆ.

ರಾತ್ರಿಯ ಗಾಡಿ

ಬ್ಯಾಂಕಾಕ್‌ಗೆ ಹೋಗುವ 46ನೇ ಸಂಖ್ಯೆಯ ರೈಲು ಪಡಾಂಗ್ ಬೆಸಾರ್‌ನಿಂದ ಸಂಜೆ ಹೊರಡುತ್ತದೆ, ದಿನಕ್ಕೆ ಒಂದೇ. ಥಾಯ್ ರೈಲ್ವೆಯ ಡಿ-ಟಿಕೆಟ್ ಜಾಲತಾಣದಲ್ಲಿ ಮುಂಗಡ ಕಾಯ್ದಿರಿಸಿಕೊಳ್ಳುವುದೇ ಕ್ಷೇಮ. ಬರ್ತ್ ಸಿಗದಿದ್ದರೆ ಎದೆಗುಂದಬೇಕಿಲ್ಲ; ಸಣ್ಣ ಶಟಲ್ ರೈಲಿನಲ್ಲಿ ಸುಮಾರು ಒಂದು ಗಂಟೆಯ ದೂರದ ಹಾಟ್ ಯಾಯ್ ಜಂಕ್ಷನ್‌ಗೆ ಹೋದರೆ ಅಲ್ಲಿಂದ ಬ್ಯಾಂಕಾಕ್‌ಗೆ ಬೇರೆ ಗಾಡಿಗಳಿವೆ. ಎರಡನೇ ದರ್ಜೆಯ ಹವಾನಿಯಂತ್ರಿತ ಬೋಗಿಯಲ್ಲಿ ಬರ್ತುಗಳು ನಮ್ಮ ಸೈಡ್ ಬರ್ತುಗಳಂತೆ ಓಣಿಯ ಉದ್ದಕ್ಕೂ ಎರಡೂ ಕಡೆ ಇರುತ್ತವೆ. ಕೆಳಗಿನದು ಹೆಚ್ಚು ಅಗಲ, ಕಿಟಕಿಯೂ ಅದಕ್ಕೇ; ಮೇಲಿನದಕ್ಕೆ ದರ ಕಡಿಮೆ. ಸಹಾಯಕರೇ ಬಂದು ಹಾಸಿಗೆ ಬಿಡಿಸಿ, ಪರದೆ ಕಟ್ಟಿ ಹೋಗುತ್ತಾರೆ. ಚಳಿ ಮಾತ್ರ ಜೋರು. ಶಾಲು ಬೇಕೇ ಬೇಕು. ನವೆಂಬರ್, ಡಿಸೆಂಬರ್‌ನಲ್ಲಿ ದಕ್ಷಿಣ ಥಾಯ್ಲೆಂಡಿನಲ್ಲಿ ಮಳೆಯಿಂದ ಹಳಿಗೆ ನೀರು ನುಗ್ಗುವುದುಂಟು. ಆ ತಿಂಗಳುಗಳಲ್ಲಿ ಒಂದು ದಿನವನ್ನು ಕೈಯಲ್ಲಿಟ್ಟುಕೊಂಡೇ ಮುಂದಿನ ಟಿಕೆಟ್ ಕೊಳ್ಳಬೇಕು. ಹಾಟ್ ಯಾಯ್‌ನಿಂದ ಪೂರ್ವಕ್ಕೆ ಸುಂಗೈ ಕೋಲೋಕ್ ಕಡೆ ಕವಲೊಡೆಯುವ ಮಾರ್ಗವು ಅಶಾಂತ ಪ್ರಾಂತ್ಯಗಳ ಮೂಲಕ ಹೋಗುವುದರಿಂದ ಅದನ್ನು ಬಿಟ್ಟುಬಿಡುವುದೇ ಸರಿ.

ಸಸ್ಯಾಹಾರಿಗಳು ಕಲಿಯಬೇಕಾದ ಥಾಯ್ ಪದ ಒಂದೇ: ‘ಜೇ’. ಹಳದಿ ಬಾವುಟದ ಮೇಲೆ ಕೆಂಪಿನಲ್ಲಿ ಬರೆದ ಆ ಅಕ್ಷರಗಳು ನಮ್ಮ ಕಣ್ಣಿಗೆ 17 ಎಂಬ ಅಂಕಿಯಂತೆ ಕಾಣುತ್ತವೆ. ಆ ಗುರುತಿರುವ ಅಡುಗೆಯಲ್ಲಿ ಮಾಂಸ, ಮೊಟ್ಟೆ, ಮೀನಿನ ಸಾರ ಯಾವುದೂ ಇರುವುದಿಲ್ಲ, ಬೆಳ್ಳುಳ್ಳಿಯೂ ಇರುವುದಿಲ್ಲ. ಗುರುತಿಲ್ಲದ ಕಡೆ ಬರಿಯ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬಿದ್ದಿರುತ್ತದೆ. ಬ್ಯಾಗಿನಲ್ಲಿ ಒಂದು ಪೊಟ್ಟಣ ಹುರಿದ ಅವಲಕ್ಕಿ ಇದ್ದರೆ ರಾತ್ರಿ ಕಳೆಯುತ್ತದೆ.

ಬ್ಯಾಂಕಾಕ್‌ನಿಂದ ಮುಂದಕ್ಕೆ

ಹಳೆಯ ಪ್ರವಾಸ ಲೇಖನಗಳು 1916ರಲ್ಲಿ ತೆರೆದ ಹುವಾ ಲಂಫೊಂಗ್ ನಿಲ್ದಾಣಕ್ಕೆ ಹೋಗಿ ಎನ್ನುತ್ತವೆ. 2023ರ ಜನವರಿಯಿಂದ ದೂರದ ಗಾಡಿಗಳೆಲ್ಲ ಉತ್ತರದ ಕ್ರುಂಗ್ ಥೆಪ್ ಅಫಿವಾಟ್ ನಿಲ್ದಾಣಕ್ಕೆ ಸ್ಥಳಾಂತರಗೊಂಡಿವೆ; ಎರಡರ ನಡುವೆ ಮೆಟ್ರೊದ ನೀಲಿ ಮಾರ್ಗವಿದೆ. ಲಾವೋಸಿನ ಕಡೆಗೆ ಇಲ್ಲಿಂದ ರಾತ್ರಿ ರೈಲು ಹೊರಡುತ್ತದೆ. 2024ರ ಜುಲೈನಿಂದ ಒಂದು ಗಾಡಿ ನೇರವಾಗಿ ವಿಯೆಂಟಿಯಾನ್‌ನ ಖಾಮ್‌ಸವಾತ್ ನಿಲ್ದಾಣಕ್ಕೇ ಹೋಗುತ್ತಿದೆ. ಆದರೂ ಮೊದಲ ಸಲ ಹೋಗುವವರು ಗಡಿಯ ನೊಂಗ್ ಖಾಯ್‌ನಲ್ಲಿ ಇಳಿದು, 1994ರಲ್ಲಿ ತೆರೆದ ಸ್ನೇಹ ಸೇತುವೆಯನ್ನು ಬಸ್ಸಿನಲ್ಲಿ ದಾಟುವುದು ವಾಸಿಯೆಂದು ನನ್ನ ಅಭಿಪ್ರಾಯ. ಅಲ್ಲಿ ಲಾವೋಸಿನ ಆಗಮನ ವೀಸಾ ಪಡೆಯುವ ವ್ಯವಸ್ಥೆಯಿದೆ. ಪಾಸ್‌ಪೋರ್ಟ್ ಅಳತೆಯ ಒಂದು ಫೋಟೊ, ಮಡಿಕೆಯಿಲ್ಲದ ಅಮೆರಿಕನ್ ಡಾಲರ್ ನೋಟುಗಳು ಜೊತೆಗಿರಲಿ.

ಕೊನೆಯ ತುಂಡು 2021ರ ಡಿಸೆಂಬರ್‌ನಲ್ಲಿ ತೆರೆದ ಲಾವೋಸ್–ಚೀನಾ ರೈಲು ಮಾರ್ಗ. ಇದರ ಹಳಿಯ ಅಗಲ ಬೇರೆ, ವಿಯೆಂಟಿಯಾನ್‌ನಲ್ಲಿ ನಿಲ್ದಾಣವೂ ಬೇರೆ. ಅದು ಊರಿನಿಂದ ಸಾಕಷ್ಟು ಹೊರಗಿರುವುದರಿಂದ ಒಂದು ಗಂಟೆ ಮೊದಲೇ ಹೊರಡಬೇಕು. ಪ್ರವೇಶದ್ವಾರದಲ್ಲಿ ವಿಮಾನ ನಿಲ್ದಾಣದಂತೆಯೇ ತಪಾಸಣೆಯಿದ್ದು, ಹಣ್ಣು ಕೊಯ್ಯುವ ಚಾಕು, ಸೊಳ್ಳೆಯ ಸ್ಪ್ರೇ, ಡಿಯೋಡರೆಂಟ್ ಡಬ್ಬಿಗಳನ್ನು ತೆಗೆದಿಟ್ಟುಕೊಳ್ಳುತ್ತಾರೆ. ಗುಡ್ಡಗಳನ್ನು ಕೊರೆದ ಸುರಂಗಗಳ ಮೂಲಕ ಲುವಾಂಗ್ ಪ್ರಬಾಂಗ್‌ಗೆ ಸುಮಾರು ಎರಡು ಗಂಟೆಯ ಹಾದಿ. ಅಲ್ಲಿಯೂ ನಿಲ್ದಾಣ ಊರಾಚೆಯೇ. ಹೊರಗೆ ನಿಂತಿರುವ ವ್ಯಾನುಗಳು ತಲೆಗಿಷ್ಟೆಂದು ದರ ಪಡೆದು ಊರೊಳಗೆ ಬಿಡುತ್ತವೆ.